ಬಂದೂಕಿನ ಲೈಸೆನ್ಸು, ಹೊಸ ಮನೆ: ಒಂದು ಅರ್ಜಿಗೆ ವ್ಯಾಖ್ಯಾನ

ಹನೂರು ಕಡೆಯ ರೈತರೊಬ್ಬರು ಯಳಂದೂರಿಗೆ ಮನೆ ಬದಲಿಸಿದರೆ ಬರೆಯಬೇಕಾದ ಅರ್ಜಿಯ ಮಾದರಿಯಿದು. ಸಾಲುಗಳು ಕೆಲವೇ, ತಕರಾರು ಹುಟ್ಟುವುದು ಅವುಗಳ ನಡುವೆ.

“ಜಿಲ್ಲಾ ದಂಡಾಧಿಕಾರಿಗಳು, ಚಾಮರಾಜನಗರ, ಇವರಿಗೆ.”

ತಹಶೀಲ್ದಾರರಿಗಲ್ಲ. ಕೊಳ್ಳೇಗಾಲ, ಹನೂರು, ಯಳಂದೂರು ಮೂರೂ ಒಂದೇ ಜಿಲ್ಲೆಯವಾದ್ದರಿಂದ ಕಚೇರಿ ಬದಲಾಗುವುದಿಲ್ಲ. ಮಗನ ಮನೆಗೆಂದು ಮೈಸೂರು ನಗರ ಸೇರಿದವರಿಗೆ ಹಾಗಲ್ಲ: ಅಲ್ಲಿ ಪೊಲೀಸ್ ಕಮಿಷನರಿಗೂ ಇಲ್ಲಿ ಜಿಲ್ಲಾಧಿಕಾರಿಗೂ, ಎರಡು ಕಡೆ ತಿಳಿಸಬೇಕು.

“ಬೆಳೆ ರಕ್ಷಣೆಗಾಗಿ ನನ್ನ ಹೆಸರಿನಲ್ಲಿ ಒಂಟಿ ನಳಿಗೆಯ ಬಂದೂಕಿನ ಲೈಸೆನ್ಸ್ ಇದ್ದು, ಯುಐಎನ್ ಸಂಖ್ಯೆ ಇಂತಿದೆ.”

ಯುಐಎನ್ ಎಂದರೆ ದೇಶದ ಕಂಪ್ಯೂಟರ್ ದಾಖಲೆಯಲ್ಲಿ ನಿಮ್ಮ ಲೈಸೆನ್ಸಿಗಿರುವ ಸಂಖ್ಯೆ. ನಳಿಗೆಯ ಮೇಲೆ ಕೊರೆದ ನಂಬರು ಬೇರೆ, ಎರಡನ್ನೂ ಬರೆಯಿರಿ. ಆದರೆ ಈ ಸಾಲಿನ ಭಾರವೆಲ್ಲ ‘ಬೆಳೆ ರಕ್ಷಣೆ’ ಎಂಬುದರ ಮೇಲಿದೆ. ಜಮೀನು ಹಳೆಯ ಊರಾದ ರಾಮಾಪುರದಲ್ಲೇ ಉಳಿದು ಬಂದೂಕು ಯಳಂದೂರಿಗೆ ಬಂದರೆ, ಹಂದಿ ಓಡಿಸುವುದು ಯಾವ ಹೊಲದಿಂದ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಕೇಳುವುದು ನ್ಯಾಯವೂ ಹೌದು. ಹೊಸ ಊರಿನಲ್ಲಿ ಹೊಲವಿದ್ದರೆ ಪಹಣಿ ಲಗತ್ತಿಸಿ; ಇಲ್ಲವಾದರೆ ಹಳೆಯ ಹೊಲವನ್ನು ಈಗ ಯಾರು ನೋಡಿಕೊಳ್ಳುತ್ತಿದ್ದಾರೆಂದು ಮುಚ್ಚುಮರೆಯಿಲ್ಲದೆ ಬರೆಯಿರಿ.

“ಲೈಸೆನ್ಸಿನಲ್ಲಿರುವ ವಿಳಾಸ: ರಾಮಾಪುರ ಹೋಬಳಿ, ಕೊಳ್ಳೇಗಾಲ ತಾಲ್ಲೂಕು.”

ಹನೂರು ಬೇರೆ ತಾಲ್ಲೂಕಾದ ಮೇಲೂ ಹಳೆಯ ಲೈಸೆನ್ಸ್ ಪುಸ್ತಕದಲ್ಲಿ ಕೊಳ್ಳೇಗಾಲವೇ ಇರುತ್ತದೆ. 1997ಕ್ಕಿಂತ ಹಿಂದಿನದಾದರೆ ಜಿಲ್ಲೆಯೂ ಮೈಸೂರು. ನೀವಾಗಿ ತಿದ್ದಬೇಡಿ. ಇದ್ದದ್ದನ್ನು ಇದ್ದಹಾಗೆ ಬರೆದು, ಪಕ್ಕದಲ್ಲಿ ‘ಈಗಿನ ಹನೂರು ತಾಲ್ಲೂಕು’ ಎಂದು ಸೇರಿಸಿ.

“ಇದೇ ತಿಂಗಳು ಆಯುಧ ಸಮೇತ ಯಳಂದೂರು ತಾಲ್ಲೂಕಿಗೆ ವಾಸ ಬದಲಿಸಿರುತ್ತೇನೆ.”

‘ಆಯುಧ ಸಮೇತ’ ಎಂಬುದನ್ನು ಬಿಡಬೇಡಿ. ನಿಯಮ ಹಿಡಿಯುವುದು ಅದನ್ನೇ. ತಿಳಿಸಲು ಇರುವುದು 30 ದಿನ. ಪಾತ್ರೆ-ಪಗಡದ ಜೊತೆ ಬಂದೂಕನ್ನೂ ಟೆಂಪೋಗೆ ಹಾಕಿ ಕಳುಹಿಸುವವರಿದ್ದಾರೆ, ಅದು ಕೂಡದು. ತೋಟಾ ತೆಗೆದು, ಪುಸ್ತಕ ಜೇಬಿನಲ್ಲಿಟ್ಟುಕೊಂಡು ಲೈಸೆನ್ಸುದಾರರೇ ಒಯ್ಯಬೇಕು. ಅದೂ ಕೊಳ್ಳೇಗಾಲದ ಹೆದ್ದಾರಿಯಲ್ಲಿ. ಬಿಳಿಗಿರಿರಂಗನ ಬೆಟ್ಟದ ಕಾಡುದಾರಿ ಹಿಡಿದರೆ, ಲಿಖಿತ ಅನುಮತಿಯಿಲ್ಲದೆ ಆಯುಧದೊಂದಿಗೆ ಅಭಯಾರಣ್ಯ ಹೊಕ್ಕ ಅಪರಾಧ ಬೇರೆ ತಗುಲಿಕೊಳ್ಳುತ್ತದೆ.

“ಹೊಸ ಮನೆ ಅರಣ್ಯದ ಗಡಿಯಿಂದ ಇಷ್ಟು ಕಿ.ಮೀ. ದೂರದಲ್ಲಿದೆ.”

ಈ ಸಾಲು ನನ್ನ ಸೇರ್ಪಡೆ. 1972ರ ವನ್ಯಜೀವಿ ಕಾಯ್ದೆಯ 34ನೇ ಕಲಮು, ಅಭಯಾರಣ್ಯದಿಂದ 10 ಕಿ.ಮೀ. ಒಳಗಿನ ಲೈಸೆನ್ಸುದಾರರು ಅರಣ್ಯ ಇಲಾಖೆಯಲ್ಲಿ ಹೆಸರು ನೋಂದಾಯಿಸಬೇಕು ಎನ್ನುತ್ತದೆ. ಆ ಅಂತರದೊಳಗೆ ಹೊಸ ಲೈಸೆನ್ಸಿಗೆ ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಮೊದಲೇ ಬೇಕು. ಒಂದು ಕಡೆ ಮಲೆ ಮಹದೇಶ್ವರ ಬೆಟ್ಟ, ಒಂದು ಕಡೆ ಕಾವೇರಿ ವನ್ಯಧಾಮ, ಇತ್ತ ಬಿಳಿಗಿರಿ: ಇಲ್ಲಿ ಮನೆ ಬದಲಿಸುವುದೆಂದರೆ ಎಷ್ಟೋ ಸಲ ಕಾಡನ್ನೂ ಬದಲಿಸುವುದೇ. ಗುಂಬಳ್ಳಿ ಕಡೆ ಮನೆ ಮಾಡಿದವರು ವಲಯ ಅರಣ್ಯ ಕಚೇರಿಯಲ್ಲಿ ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು.

“ಹೊಸ ವಿಳಾಸವನ್ನು ನಮೂದಿಸಿಕೊಡಬೇಕೆಂದು ಕೋರುತ್ತೇನೆ.”

ಈ ನಮೂದು ಏಕೆ ಬೇಕೆಂದರೆ, ಚುನಾವಣೆ ಬಂದಾಗ ಬಂದೂಕು ಠಾಣೆಯಲ್ಲಿಡಿ ಎಂಬ ನೋಟಿಸು ದಾಖಲೆಯಲ್ಲಿರುವ ವಿಳಾಸಕ್ಕೇ ಹೋಗುತ್ತದೆ. ನೀವಿಲ್ಲಿ, ನೋಟಿಸು ರಾಮಾಪುರದಲ್ಲಿ. ಲೈಸೆನ್ಸಿನ ಷರತ್ತು ಮೀರಿದರೆ 1959ರ ಆಯುಧ ಕಾಯ್ದೆಯ 30ನೇ ಕಲಮಿನಲ್ಲಿ 6 ತಿಂಗಳವರೆಗೆ ಜೈಲು, 2,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಆದ್ದರಿಂದ ಕಚೇರಿಯ ಟಪಾಲು ವಿಭಾಗದಲ್ಲಿ ಸ್ವೀಕೃತಿ ಪಡೆಯದೆ ಹಿಂತಿರುಗಬೇಡಿ. ನಮೂದಾಗಿ ಪುಸ್ತಕ ಕೈಗೆ ಬಂದಾಗ ಸಹಿ, ಮೊಹರು, ದಿನಾಂಕ ಮೂರೂ ಇವೆಯೇ ಎಂದು ಅಲ್ಲೇ ನಿಂತು ನೋಡಿಕೊಳ್ಳಿ.