‘ಬೆಂಬಲಿತ ದಾಖಲಾತಿ’: ಕಾನೂನಿನ ಕನ್ನಡದಲ್ಲಿ ಕರ್ತೃಲೋಪ

1912ರ ಭಾರತೀಯ ಕಾಯ್ದೆಯ ‘ಲೂನಟಿಕ್’ 1987ರಲ್ಲಿ ‘ಮಾನಸಿಕ ಅಸ್ವಸ್ಥ ವ್ಯಕ್ತಿ’ಯಾಗಿ, 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ‘ಮಾನಸಿಕ ಅಸ್ವಸ್ಥತೆಯುಳ್ಳ ವ್ಯಕ್ತಿ’ಯಾಗಿ ಮಾರ್ಪಟ್ಟಿತು. ಈ ಪಲ್ಲಟವನ್ನು ನಾವು ಸ್ವಾಗತಿಸುತ್ತೇವೆ. ನಮ್ಮ ಆಕ್ಷೇಪವಿರುವುದು 89ನೆಯ ಕಲಂನ ‘ಸಪೋರ್ಟೆಡ್ ಅಡ್ಮಿಷನ್’ಅನ್ನು ‘ಬೆಂಬಲಿತ ದಾಖಲಾತಿ’ ಎಂದು ಕನ್ನಡಿಸುವುದಕ್ಕೆ.

ಈ ಕಲಂ ಪ್ರಕಾರ ಅರ್ಜಿ ಸಲ್ಲಿಸುವವರು ನಾಮನಿರ್ದೇಶಿತ ಪ್ರತಿನಿಧಿ. ಸ್ವತಂತ್ರವಾಗಿ ಪರೀಕ್ಷಿಸುವವರು ಒಬ್ಬ ಮನೋವೈದ್ಯರು ಹಾಗೂ ಮತ್ತೊಬ್ಬ ವೃತ್ತಿಪರರು. ಅವಧಿ ಗರಿಷ್ಠ 30 ದಿನ. ರೋಗಿಯು ಒಲ್ಲೆನೆಂದರೂ ದಾಖಲಾತಿ ಸಾಧ್ಯ. ಕನ್ನಡದ ‘ಬೆಂಬಲಿಸು’ ಕ್ರಿಯಾಪದವಾದರೋ ಬೆಂಬಲ ಪಡೆಯುವವರ ನಿಲುವನ್ನು, ಯತ್ನವನ್ನು ಮೊದಲೇ ಅಪೇಕ್ಷಿಸುತ್ತದೆ. ‘ಒಲ್ಲೆನೆಂದವರನ್ನು ಬೆಂಬಲಿಸಿ ಒಳಗಿರಿಸಿದರು’ ಎಂಬ ವಾಕ್ಯ ವ್ಯಂಗ್ಯವಾಗಿಯೇ ಕೇಳಿಸುತ್ತದೆ. ಇತ್ತ ‘ದಾಖಲಾತಿ’ ಎಂಬ ನಾಮಪದವು ‘ದಾಖಲಾದರು’, ‘ದಾಖಲಿಸಿದರು’ ಎಂಬುವುಗಳ ಭೇದವನ್ನು ಅಳಿಸಿ ಕರ್ತೃವನ್ನೇ ಮರೆಮಾಡುತ್ತದೆ.

ಮೃದುಪದವು ಕಳಂಕವನ್ನು ತಗ್ಗಿಸುತ್ತದೆಂಬ ವಾದವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ದಾಖಲಾತಿಯ ಪರಿಶೀಲನೆ ಕೋರಿ ಪುನರ್ವಿಮರ್ಶಾ ಮಂಡಳಿಗೆ ಮೊರೆಯಿಡುವ ಹಕ್ಕನ್ನೂ ಇದೇ ಕಲಂ ರೋಗಿಗೆ ನೀಡಿದೆ. ತನ್ನನ್ನು ಯಾರು ಇರಿಸಿಕೊಂಡರೆಂಬುದನ್ನು ಭಾಷೆಯೇ ಮುಚ್ಚಿಟ್ಟರೆ ಆ ಹಕ್ಕನ್ನು ಚಲಾಯಿಸುವುದೆಂತು? ಆದ್ದರಿಂದ ‘ಪ್ರತಿನಿಧಿಯ ಅರ್ಜಿಯ ಮೇರೆಗೆ ವೈದ್ಯಾಧಿಕಾರಿಯು ನಿಮ್ಮನ್ನು ದಾಖಲಿಸಿಕೊಂಡಿದ್ದಾರೆ’ ಎಂಬ ಸಕರ್ತೃಕ ವಾಕ್ಯವೇ ಕನ್ನಡ ನಮೂನೆಗಳಿಗೆ ಯುಕ್ತವೆಂಬುದು ನಮ್ಮ ನಿಲುವು.