ಇರುಳಿನ ಕಾವಲು ಮತ್ತು ನಮ್ಮ ಭಕ್ತಿಬರಹ

ಚಿಂತೆ, ನಿದ್ರಾಹೀನತೆ, ಮನಶ್ಶಾಂತಿ ಇವುಗಳನ್ನು ಕುರಿತ ಬರಹಗಳಿಗೆ ನಮ್ಮ ಕನ್ನಡ ಕ್ರೈಸ್ತ ಭಕ್ತಿಸಾಹಿತ್ಯದಲ್ಲಿ ಕೊರತೆಯಿಲ್ಲ. ಜಾತ್ರೆಯ ಅಂಗಡಿಗಳಲ್ಲಿ ಸಿಗುವ ಕಿರುಹೊತ್ತಗೆಗಳಿಂದ ಹಿಡಿದು ತಪಸ್ಸುಕಾಲದ ಧ್ಯಾನಕೂಟಗಳ ಕರಪತ್ರಗಳವರೆಗೆ ಅವು ಹರಡಿಕೊಂಡಿವೆ. ಬಹುಪಾಲು ಒಂದೇ ಅಚ್ಚಿನಲ್ಲಿ ಎರಕಹೊಯ್ದವು. ಮೊದಲು ಮತ್ತಾಯನ ಶುಭಸಂದೇಶದ ಹಕ್ಕಿಗಳು ಮತ್ತು ಹೂಗಳು. ಅನಂತರ ಫಿಲಿಪ್ಪಿಯರಿಗೆ ಬರೆದ ಪತ್ರದ ನಾಲ್ಕನೆಯ ಅಧ್ಯಾಯ. ಕೊನೆಗೊಂದು ತೀರ್ಪು: ಚಿಂತಿಸುವವನಲ್ಲಿ ವಿಶ್ವಾಸ ಸಾಲದು, ಪ್ರಾರ್ಥಿಸಿದವನಿಗೆ ನಿದ್ರೆ ಬಂದೇ ಬರುತ್ತದೆ. ಬರೆದವರ ಭಕ್ತಿಯನ್ನು ನಾನು ಶಂಕಿಸುವುದಿಲ್ಲ. ನನ್ನ ತಕರಾರು ಅವರು ಶ್ರೀಗ್ರಂಥವನ್ನು ಓದುವ ಬಗೆಯನ್ನು ಕುರಿತದ್ದು. ಆ ತೀರ್ಪನ್ನು ನಡುರಾತ್ರಿ ಎದ್ದು ಕುಳಿತು ಓದುವವರು ಯಾರು ಎಂಬುದನ್ನು ಅವರು ಮರೆತಂತಿದೆ.

ಪ್ರಿಯ ಓದುಗರೇ, ಆ ಓದುಗನನ್ನು ನಮ್ಮ ಮೈಸೂರು ಜಿಲ್ಲೆಯ ಪಶ್ಚಿಮದ ತಾಲ್ಲೂಕುಗಳಲ್ಲೇ ಹುಡುಕೋಣ. ಹುಣಸೂರು, ಪಿರಿಯಾಪಟ್ಟಣಗಳಲ್ಲಿ ಮಳೆಗಾಲ ಮುಗಿಯುವ ಹೊತ್ತಿಗೆ ಹೊಗೆಸೊಪ್ಪಿನ ಬ್ಯಾರನ್‌ಗಳಲ್ಲಿ ಹಗಲಿರುಳೂ ಬೆಂಕಿ ಉರಿಯುತ್ತಿರುತ್ತದೆ. ಒಂದು ಬ್ಯಾರನ್ ಸೊಪ್ಪು ಹದವಾಗಲು ಐದಾರು ದಿನ ಬೇಕು. ಮೈಬಿಸಿಯಷ್ಟು ಶಾಖದಿಂದ ತೊಡಗಿ 70 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿಗೆ ಅದನ್ನು ಮೆಲ್ಲಮೆಲ್ಲನೆ ಏರಿಸಬೇಕು. ಉರಿ ಹೆಚ್ಚಿದರೂ ತಗ್ಗಿದರೂ ಬಣ್ಣ ಕೆಡುತ್ತದೆ. ಬಣ್ಣ ಕೆಟ್ಟರೆ ಕಟ್ಟೆಮಳಲವಾಡಿಯಲ್ಲೋ ಕಂಪಲಾಪುರದಲ್ಲೋ ಹರಾಜಿನ ದಿನ ದರ ಬೀಳುತ್ತದೆ. ಆದ್ದರಿಂದ ಮನೆಯಲ್ಲೊಬ್ಬರು ಒಲೆಯ ಮುಂದೆ ಎದ್ದಿರಲೇಬೇಕು. ಎಚ್.ಡಿ. ಕೋಟೆಯ ಕಾಡಂಚಿನಲ್ಲಿ ರಾಗಿಯ ಹೊಲಕ್ಕೆ ಆನೆ ಇಳಿಯದಂತೆ ಅಟ್ಟಣೆಯ ಮೇಲೆ ಕಾವಲು. ಕೆ.ಆರ್. ನಗರದ ಕಡೆ ನೀರಿನ ಸರದಿ ರಾತ್ರಿ ಬಂದರೆ ರಾತ್ರಿಯೇ ಗದ್ದೆಗೆ ಹೋಗಬೇಕು. (ಹೊಗೆಸೊಪ್ಪು ಬೆಳೆಯುವುದು ತರವೇ ಎಂಬ ಪ್ರಶ್ನೆ ಬೇರೆಯದು, ದೊಡ್ಡದು, ಆದರೆ ಅದನ್ನು ಬೆಳೆದವನ ನಿದ್ರೆಯೂ ನಿದ್ರೆಯೇ.) ಇವರಿಗೆ ಎಚ್ಚರವೆಂಬುದು ಮೊದಲು ಕೆಲಸ. ಅದು ಚಿಂತೆಯಾಗುವುದು ಬೆಂಕಿ ಆರಿದ ಮೇಲೆ. ಸಾಲದ ಕಂತು, ಮಗಳ ಓದು, ಮುಂದಿನ ಹರಾಜು ನೆನಪಾಗಿ ಹಾಸಿಗೆಯಲ್ಲಿ ಹೊರಳುವಾಗ. 2015ರಲ್ಲಿ ರಾಜ್ಯದ ಹಲವು ಜಿಲ್ಲೆಗಳಿಂದ ರೈತರ ಆತ್ಮಹತ್ಯೆಯ ಸುದ್ದಿ ದಿನವೂ ಬರುತ್ತಿದ್ದುದನ್ನು ನೆನೆದರೆ, 'ನಿನ್ನ ವಿಶ್ವಾಸ ಸಾಲದು' ಎಂಬ ಮಾತು ಅಂಥ ಹಾಸಿಗೆಯ ಬಳಿ ಎಷ್ಟು ಭಾರವಾದೀತು ಎಂದು ಊಹಿಸಬಹುದು.

ಶ್ರೀಗ್ರಂಥ ಆ ಮಾತನ್ನು ಆಡುತ್ತದೆಯೇ? ಸಂತ ಪೌಲರನ್ನೇ ಕೇಳೋಣ. ಫಿಲಿಪ್ಪಿಯರಿಗೆ ಚಿಂತೆ ಬೇಡವೆಂದು ಅವರು ಬರೆದದ್ದು ಸೆರೆಯಿಂದ. ಅಲ್ಲಿ ಬಳಸಿದ ಗ್ರೀಕ್ ಕ್ರಿಯಾಪದದ ಮೂಲ 'ಮೆರಿಮ್ನ'. ಇದೇ ಪೌಲರು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ ಹನ್ನೊಂದನೆಯ ಅಧ್ಯಾಯದಲ್ಲಿ ತಮ್ಮ ಪಾಡನ್ನು ಎಣಿಸುತ್ತಾರೆ: ಹಡಗೊಡೆತ, ಹಸಿವು, ಚಳಿ, ಎಷ್ಟೋ ನಿದ್ರೆಯಿಲ್ಲದ ರಾತ್ರಿಗಳು, ಎಲ್ಲಕ್ಕೂ ಮಿಗಿಲಾಗಿ ಸಭೆಗಳೆಲ್ಲವನ್ನು ಕುರಿತ ಚಿಂತೆ. ಆ ಚಿಂತೆಗೂ ಅವರು ಇಟ್ಟ ಹೆಸರು 'ಮೆರಿಮ್ನ'ವೇ. ಫಿಲಿಪ್ಪಿಯರ ಪತ್ರದಲ್ಲೇ, ಎರಡನೆಯ ಅಧ್ಯಾಯದಲ್ಲಿ, ತಿಮೊಥೇಯನು ನಿಮಗಾಗಿ ಮನಃಪೂರ್ವಕ ಕಾಳಜಿ ವಹಿಸುವವನೆಂದು ಹೊಗಳುವಾಗಲೂ ಅದೇ ಕ್ರಿಯಾಪದ. ಕನ್ನಡದಲ್ಲಿ ಒಂದೆಡೆ ಚಿಂತೆ, ಇನ್ನೊಂದೆಡೆ ಹಿತಚಿಂತನೆ ಎಂದು ಪದ ಬೇರೆಯಾಗುವುದರಿಂದ ಈ ನಂಟು ನಮಗೆ ಕಾಣುವುದಿಲ್ಲ. ಪ್ರೀತಿಸುವವನು ಚಿಂತಿಸುತ್ತಾನೆ, ಪೌಲರು ಅದನ್ನು ತಮ್ಮ ಅವಿಶ್ವಾಸವೆಂದು ಎಲ್ಲೂ ಅರಿಕೆ ಮಾಡಿಕೊಳ್ಳುವುದಿಲ್ಲ. ನಾಲ್ಕನೆಯ ಅಧ್ಯಾಯದ ಮಾತು ಆಗ ತೀರ್ಪಾಗಿ ಕೇಳಿಸದೆ, ನಿದ್ರೆಗೆಟ್ಟವನೊಬ್ಬ ನಿದ್ರೆಗೆಟ್ಟವರಿಗೆ ಹೇಳಿದ ಸಾಂತ್ವನವಾಗಿ ಕೇಳಿಸುತ್ತದೆ.

ಬಿರುಗಾಳಿಯ ಪ್ರಸಂಗವನ್ನೂ ಹೀಗೆಯೇ ನಿಧಾನವಾಗಿ ಓದಬೇಕು. ಮತ್ತಾಯನಲ್ಲಿ ಪ್ರಭು ಮೊದಲು ಶಿಷ್ಯರ ಅಲ್ಪವಿಶ್ವಾಸವನ್ನು ಆಕ್ಷೇಪಿಸಿ ಆಮೇಲೆ ಗಾಳಿಯನ್ನು ಗದರಿಸುತ್ತಾರೆ. ಮಾರ್ಕನಲ್ಲಿ ಕ್ರಮ ತಿರುಗುಮುರುಗು: ಮೊದಲು ಗಾಳಿ ನಿಲ್ಲುತ್ತದೆ, ನೀರು ಶಾಂತವಾಗುತ್ತದೆ, ವಿಶ್ವಾಸದ ಪ್ರಶ್ನೆ ಆಮೇಲೆ. ನಮ್ಮ ಭಕ್ತಿಬರಹಗಾರರು ಮತ್ತಾಯನ ಕ್ರಮವನ್ನೇ ನೆಚ್ಚಿಕೊಂಡಿದ್ದಾರೆ. ಮಾರ್ಕನ ಅದೇ ನಾಲ್ಕನೆಯ ಅಧ್ಯಾಯದಲ್ಲಿ ಇನ್ನೊಬ್ಬ ಮಲಗುವವನಿದ್ದಾನೆ. ಬೀಜ ಬಿತ್ತಿ, ಅದು ಹೇಗೆ ಬೆಳೆಯುತ್ತದೆಂದು ತಿಳಿಯದೆಯೇ ಮಲಗಿ ಏಳುವ ಬೇಸಾಯಗಾರ. ಒಂದೇ ಅಧ್ಯಾಯದಲ್ಲಿ ರೈತನೂ ಮಲಗುತ್ತಾನೆ, ಪ್ರಭುವೂ ಮಲಗುತ್ತಾರೆ. ಇದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ.

ನಮ್ಮ ನೆಲದ ಐತಿಹ್ಯವೊಂದನ್ನೂ ಇದೇ ಆತುರದಿಂದ ಹಾಳುಮಾಡಿಕೊಂಡಿದ್ದೇವೆ. ಕೆ.ಆರ್. ನಗರದ ಬಳಿಯ ದೋರ್ನಹಳ್ಳಿಯ ಸಂತ ಅಂತೋಣಿಯವರ ದೇವಾಲಯ 2019ರಲ್ಲಿ ಬಸಿಲಿಕಾ ಪದವಿಗೇರಿತು. ಜೂನ್ 13ರ ಹಬ್ಬಕ್ಕೆ ಬರುವವರಲ್ಲಿ ಎಲ್ಲ ಧರ್ಮದವರೂ ಇರುತ್ತಾರೆ. ಹೊಲ ಉಳುತ್ತಿದ್ದ ರೈತನೊಬ್ಬನಿಗೆ ಪ್ರತಿಮೆ ಸಿಕ್ಕಿದ್ದು, ಕನಸಿನಲ್ಲಿ ಸನ್ಯಾಸಿಯೊಬ್ಬರು ಕಾಣಿಸಿಕೊಂಡು ಗುಡಿ ಕಟ್ಟಿಸೆಂದದ್ದು, ಅವನು ಅಲಕ್ಷಿಸಿದ್ದು, ಮನೆಗೆ ಕಷ್ಟಗಳು ಬಂದದ್ದು, ಕೊನೆಗೆ ಗುಡಿ ಎದ್ದದ್ದು ಎಲ್ಲರೂ ಬಲ್ಲ ಕಥೆ. ಹೇಳುವವರೆಲ್ಲ ಪವಾಡಕ್ಕೆ ಓಡುತ್ತಾರೆ. ಮೊದಲ ಕನಸಿಗೂ ಗುಡಿಗೂ ನಡುವೆ ಆ ಬಡ ರೈತ ಕಳೆದಿರಬೇಕಾದ ರಾತ್ರಿಗಳ ಬಗ್ಗೆ ಯಾರೂ ನಿಂತು ಯೋಚಿಸುವುದಿಲ್ಲ. ಇನ್ನೂ ಒಂದು ವಿವರ ಕೈತಪ್ಪುತ್ತದೆ. ಆ ಪ್ರತಿಮೆಯನ್ನು ಬೊಂಬೆಯೆಂದು ತಿಳಿದು ಅವನು ಮೊದಲು ಕೊಟ್ಟದ್ದು ಮಕ್ಕಳ ಕೈಗೆ. ಬಾಲಯೇಸುವನ್ನು ಎತ್ತಿಕೊಂಡು ನಿಲ್ಲುವ ಸಂತರು ಆ ಮನೆಗೆ ಮೊದಲು ಬಂದದ್ದು ಮಕ್ಕಳ ಆಟಿಕೆಯಾಗಿ! ಭಯಕ್ಕಿಂತ ಮುಂಚೆ ಅಲ್ಲೊಂದು ಪುಟ್ಟ ಸಂತೋಷವಿತ್ತು. ಪ್ರವಚನಗಳಲ್ಲಿ ಅದನ್ನು ರೈತನ ಅಜ್ಞಾನವೆಂದು ದಾಟಿಸಿಬಿಡುತ್ತೇವೆ.

ಪುಟ್ಟ ಸಂತೋಷಗಳೆಂದರೆ ನನಗೆ ನೆನಪಾಗುವುದು ಕೆಂಡ. ಅರಸರ ಮೊದಲನೆಯ ಗ್ರಂಥದಲ್ಲಿ ಪ್ರವಾದಿ ಎಲೀಯನು ಸಾವನ್ನೇ ಬೇಡಿ ಪೊದೆಯ ಕೆಳಗೆ ಬಿದ್ದುಕೊಂಡಾಗ ದೇವದೂತನು ಉಪದೇಶ ಮಾಡುವುದಿಲ್ಲ. ಕಾದ ಕಲ್ಲಿನ ಮೇಲೆ ಸುಟ್ಟ ರೊಟ್ಟಿಯನ್ನೂ ನೀರನ್ನೂ ಇಟ್ಟು ತಟ್ಟಿ ಎಬ್ಬಿಸುತ್ತಾನೆ. ಉಂಡವನು ಮತ್ತೆ ಮಲಗುತ್ತಾನೆ; ದೂತ ಗದರುವುದಿಲ್ಲ, ಎರಡನೆಯ ಬಾರಿಯೂ ಉಣಿಸುತ್ತಾನೆ. ಯೊವಾನ್ನನ ಕೊನೆಯ ಅಧ್ಯಾಯದಲ್ಲಿ ಶಿಷ್ಯರು ರಾತ್ರಿಯೆಲ್ಲ ಬಲೆ ಬೀಸಿ ಬರಿಗೈಯಲ್ಲಿದ್ದಾರೆ. ಪ್ರಭುವಿನ ಮಾತಿನಂತೆ ಬಲಗಡೆ ಬಲೆ ಹಾಕಿ ಮೀನು ತುಂಬಿಕೊಂಡು ದಡಕ್ಕೆ ಬಂದರೆ, ಅಲ್ಲಿ ಆಗಲೇ ಕೆಂಡದ ಮೇಲೆ ಮೀನು, ಪಕ್ಕದಲ್ಲಿ ರೊಟ್ಟಿ. ಪೇತ್ರನಿಗೆ ಪ್ರೀತಿಯ ಪ್ರಶ್ನೆ ಕೇಳುವುದು ಊಟ ಮುಗಿದ ಬಳಿಕ. ಬ್ಯಾರನ್ ಒಲೆಯ ಮುಂದೆ ಮುಸುಕಿನ ಜೋಳದ ತೆನೆ ಸುಟ್ಟುಕೊಂಡು, ಪಕ್ಕದ ಹೊಲದವನಿಗೂ ಒಂದು ಕೊಟ್ಟು, ನಾಲ್ಕು ಮಾತಾಡಿ ರಾತ್ರಿ ಕಳೆಯುವವರಿಗೆ ಈ ಎರಡು ಅಧ್ಯಾಯಗಳಿಗೆ ಟೀಕೆ ಬೇಕಾಗದು. ನಮ್ಮ ಕಿರುಹೊತ್ತಗೆಗಳಲ್ಲಿ ಮಾತ್ರ ಸಂತೋಷವೆಂದರೆ ಸದಾ 'ಪರಮಾನಂದ', 'ಅವರ್ಣನೀಯ ಶಾಂತಿ'. ಅದಕ್ಕೆ ಸುಟ್ಟ ಜೋಳದ ವಾಸನೆ ಇರುವುದೇ ಇಲ್ಲ.

ರೊಟ್ಟಿ ಕೊಟ್ಟ ದೂತನನ್ನು ನೆನೆದವರು ಔಷಧಿಯನ್ನೂ ಅಲ್ಲಗಳೆಯಬಾರದು. ವಾರಗಟ್ಟಲೆ ನಿದ್ರೆ ಬಾರದಿದ್ದರೆ, ಬದುಕೇ ಬೇಡವೆನಿಸಿದರೆ, ವೈದ್ಯರ ಬಳಿ ಹೋಗಬೇಕು. 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆಮಾಡಬಹುದು. ಇದನ್ನು ಬರೆಯಲು ಭಕ್ತಿಪುಸ್ತಕದಲ್ಲಿ ಎರಡು ಸಾಲಿನ ಜಾಗ ಸಾಕು. ಆ ಎರಡು ಸಾಲನ್ನು ಬಹಳ ಕಡೆ ಹುಡುಕಿದ್ದೇನೆ.

ಬಾಲಯೇಸುವಿನ ಸಂತ ತೆರೇಸಾರ ಆತ್ಮಕಥೆ ಇಲ್ಲಿ ಒಳ್ಳೆಯ ಮದ್ದು. ಅವರು 1897ರಲ್ಲಿ, 24ನೆಯ ವಯಸ್ಸಿನಲ್ಲಿ, ಕ್ಷಯದಿಂದ ತೀರಿಕೊಂಡರು; ಪುಸ್ತಕ ಮರುವರ್ಷ ಪ್ರಕಟವಾಯಿತು. ಪ್ರಾರ್ಥನೆಯ ವೇಳೆಯಲ್ಲೇ ತೂಕಡಿಸುತ್ತಿದ್ದೆನೆಂದು ಬರೆದುಕೊಂಡ ಆಕೆ ಅದಕ್ಕಾಗಿ ಗೋಳಾಡಲಿಲ್ಲ: ಮಲಗಿದ ಮಗುವೂ ಹೆತ್ತವರಿಗೆ ಎಚ್ಚರವಿರುವ ಮಗುವಿನಷ್ಟೇ ಪ್ರಿಯವಲ್ಲವೇ ಎಂದು ಸಮಾಧಾನಪಟ್ಟರು. 1896ರ ಈಸ್ಟರ್‌ನಿಂದ ಸಾಯುವವರೆಗೆ ವಿಶ್ವಾಸದ ಕತ್ತಲೆಯನ್ನು ಅನುಭವಿಸಿದವರೂ ಆಕೆಯೇ. 1997ರಲ್ಲಿ ಧರ್ಮಸಭೆ ಅವರನ್ನು ಧರ್ಮಪಂಡಿತೆಯೆಂದು ಘೋಷಿಸಿತು. ನಿದ್ರೆಯೂ ಕತ್ತಲೆಯೂ ಇಬ್ಬರ ಕಥೆಯಲ್ಲ, ಒಬ್ಬಳದೇ.

ಕೀರ್ತನೆಗಳ ವಿಷಯದಲ್ಲಿ ಧರ್ಮಸಭೆಯ ರಾತ್ರಿಪ್ರಾರ್ಥನೆ ನಮ್ಮ ಲೇಖಕರಿಗಿಂತ ದಿಟ್ಟವಾಗಿದೆ. ವಾರದ ಒಂದಿರುಳು ನೆಮ್ಮದಿಯಾಗಿ ಮಲಗುವ 4ನೆಯ ಕೀರ್ತನೆ. ಶುಕ್ರವಾರ ಮಾತ್ರ 88ನೆಯದು. ಆ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ, ಬೆಳಕಿನ ಮಾತು ಅಲ್ಲಿ ಬರುವುದೇ ಇಲ್ಲ; ಅದನ್ನು ಹೇಳಿಯೂ ಮಲಗಬಹುದೆಂದು ಧರ್ಮಸಭೆ ನಂಬಿದೆ. ಬುಧವಾರಕ್ಕೆ 130ನೆಯದು. ಸತ್ತವರ ಮನೆಯಲ್ಲಿ, ಸಮಾಧಿಯ ಬಳಿ ಕೇಳಿ ಕೇಳಿ ಅದನ್ನು ಮರಣದ ಕೀರ್ತನೆಯೆಂದೇ ಬಗೆದಿದ್ದೇವೆ. ಅದರಲ್ಲಿ ನಿಂತಿರುವವರು ಮುಂಜಾವಕ್ಕಾಗಿ ಕಾಯುವ ಇರುಳ ಕಾವಲುಗಾರರು. ಹೀಬ್ರೂ ಮೂಲದಲ್ಲಿ ಆ ಕಾವಲುಗಾರರ ಮಾತು ಒಂದರ ಹಿಂದೊಂದರಂತೆ ಎರಡು ಬಾರಿ ಬರುತ್ತದೆ. ಪುನರುಕ್ತಿಯೆಂದು ಕೆಲವು ಅನುವಾದಕರು ಒಂದನ್ನು ಕೈಬಿಟ್ಟಿದ್ದುಂಟು. ಎಚ್.ಡಿ. ಕೋಟೆಯ ಅಟ್ಟಣೆಯ ಮೇಲೆ ಒಂದು ರಾತ್ರಿ ಕುಳಿತವನು ಎರಡನ್ನೂ ಉಳಿಸಿಕೊಳ್ಳುತ್ತಿದ್ದ.