ಬ್ರಿಸ್ಟಲ್ಲಿನಲ್ಲಿ ಬರ್ಕ್

ಸಂಸದ ಮತದಾರರ ಅಪ್ಪಣೆ ಪಾಲಿಸಬೇಕೋ, ತನ್ನ ವಿವೇಚನೆಯಂತೆ ನಡೆಯಬೇಕೋ ಎಂಬ ಚರ್ಚೆ ಎದ್ದಾಗಲೆಲ್ಲ ಬ್ರಿಟಿಷ್ ಸಂಸದ ಎಡ್ಮಂಡ್ ಬರ್ಕ್‌ನ ಬ್ರಿಸ್ಟಲ್ ಭಾಷಣ ಸಾಕ್ಷಿಗೆ ಬರುತ್ತದೆ. 1774ರ ನವೆಂಬರ್ 3ರ ಆ ಭಾಷಣವನ್ನಷ್ಟೇ ಓದಿದರೆ ಯಾರಾದರೂ ತಲೆದೂಗುತ್ತಾರೆ. ಮುಂದಿನ ಆರು ವರ್ಷಗಳನ್ನು ಪಕ್ಕದಲ್ಲಿಟ್ಟುಕೊಂಡು ಓದಿದರೆ ಅಷ್ಟು ಸಲೀಸಾಗಿ ಒಪ್ಪಲಾಗದು.

ಸಕ್ಕರೆ, ತಂಬಾಕು, ಗುಲಾಮರ ವ್ಯಾಪಾರದಿಂದ ಕೊಬ್ಬಿದ್ದ ಇಂಗ್ಲೆಂಡಿನ ಬಂದರು ಬ್ರಿಸ್ಟಲ್. ಸುಮಾರು 5,000 ಮತದಾರರು, ಎರಡು ಸ್ಥಾನ. ಎಷ್ಟೋ ಕ್ಷೇತ್ರಗಳು ಜಮೀನ್ದಾರರ ಜೇಬಿನಲ್ಲಿದ್ದ ಕಾಲಕ್ಕೆ ಇದು ದೊಡ್ಡ ಸಂಖ್ಯೆಯೇ. 1774ರ ಚುನಾವಣೆಯಲ್ಲಿ ಮೊದಲ ಸ್ಥಾನ ಗೆದ್ದ ನ್ಯೂಯಾರ್ಕ್ ಮೂಲದ ಹೆನ್ರಿ ಕ್ರೂಗರ್, ನೀವು ಹೇಳಿದಂತೆ ಕೇಳುತ್ತೇನೆ ಎಂದ. ಎರಡನೆಯ ಸ್ಥಾನ ಗೆದ್ದ ಬರ್ಕ್, ಅದಾಗದು, ನನ್ನ ವಿವೇಚನೆಯಂತೆ ನಡೆಯುತ್ತೇನೆ ಎಂದ. ದಿಟ್ಟ ಮಾತು, ಸರಿ. ಆದರೆ ಅದನ್ನು ಆಡಿದ್ದು ಮತ ಎಣಿಕೆ ಮುಗಿದ ಮೇಲೆ!

ಪರೀಕ್ಷೆ ಬಂದದ್ದು 1778ರಲ್ಲಿ. ಐರ್ಲೆಂಡಿನ ವ್ಯಾಪಾರದ ಮೇಲಿನ ನಿರ್ಬಂಧ ಸಡಿಲಿಸುವ ಮಸೂದೆಗಳನ್ನು ಬರ್ಕ್ ಬೆಂಬಲಿಸಿದ. ಪೈಪೋಟಿಗೆ ಹೆದರಿದ ಬ್ರಿಸ್ಟಲ್ ವರ್ತಕರು ಸಿಟ್ಟಾದರು. ಕ್ಯಾಥೊಲಿಕರ ಮೇಲಿನ ಕಾನೂನು ಸಡಿಲಿಸಲು, ಸಾಲಗಾರರನ್ನು ಸೆರೆಗೆ ತಳ್ಳುವ ಪದ್ಧತಿ ತಗ್ಗಿಸಲು ಅವನು ನಿಂತದ್ದೂ ಅವರಿಗೆ ಹಿಡಿಸಲಿಲ್ಲ. ಮೂರರಲ್ಲೂ ಸರಿಯಿದ್ದವನು ಬರ್ಕನೇ. ಎಡವಿದ್ದು ಬೇರೆ ಕಡೆ: ಅವನು ಊರಿಗೆ ಬರುತ್ತಿದ್ದುದೇ ಅಪರೂಪ. ಒಪ್ಪದವರ ಎದುರು ಕೂತು ಒಪ್ಪಿಸುವ ಕೆಲಸವನ್ನು ಬಹುಮಟ್ಟಿಗೆ ಪತ್ರಗಳಿಗೆ ಬಿಟ್ಟ. ಪತ್ರಗಳೇನೋ ಸೊಗಸಾಗಿವೆ, ಗೋದಾಮಿನ ಲೆಕ್ಕ ನೋಡುವ ವರ್ತಕನಿಗೆ ಅವು ಸಾಲಲಿಲ್ಲ.

ಮತ್ತೆ ಚುನಾವಣೆ ಬಂದಾಗ, 1780ರ ಸೆಪ್ಟೆಂಬರಿನಲ್ಲಿ, ಬ್ರಿಸ್ಟಲ್ಲಿನ ಗಿಲ್ಡ್‌ಹಾಲ್‌ನಲ್ಲಿ ಅವನು ಕೊಟ್ಟ ಸಮಜಾಯಿಷಿ ನನಗೆ ಹೆಚ್ಚು ಕುತೂಹಲದ್ದು. ಊರಿಗೆ ಬಾರದಿದ್ದುದಕ್ಕೆ ಕಾರಣ, ಸುಂಕದ ಕಚೇರಿ, ಖಜಾನೆ, ನೌಕಾ ಕಚೇರಿಗಳಲ್ಲಿ ನಿಮ್ಮದೇ ಕೆಲಸಕ್ಕೆ ಓಡಾಡುತ್ತಿದ್ದೆ ಎಂದ. ನಾನು ನಿಮ್ಮ ಏಜೆಂಟನಲ್ಲ ಎಂದಿದ್ದವನು ಕೊನೆಗೆ ಏಜೆಂಟಿಕೆಯ ಪಟ್ಟಿಯನ್ನೇ ಮುಂದಿಟ್ಟ. ಮೂರು ದಿನಗಳ ಬಳಿಕ, ಸೋಲು ಖಚಿತವೆನಿಸಿ, ಕಣದಿಂದ ಹಿಂದೆ ಸರಿದ.

ಆಮೇಲೆ ಅವನ ಕೈಹಿಡಿದದ್ದು ವಿರೋಧ ಪಕ್ಷದ ನಾಯಕ ರಾಕಿಂಗ್‌ಹ್ಯಾಮ್‌ನ ಹಿಡಿತದಲ್ಲಿದ್ದ ಮಾಲ್ಟನ್ ಎಂಬ ಪುಟ್ಟ ಕ್ಷೇತ್ರ. ಸಾವಿರಾರು ಮತದಾರರ ಅಪ್ಪಣೆ ಒಲ್ಲದ ಸಿದ್ಧಾಂತ ಒಬ್ಬ ಧಣಿಯ ನೆರಳಿನಲ್ಲಿ ಬದುಕಿತು; ಅದನ್ನು ಹೊಗಳುವವರು ಇಷ್ಟನ್ನು ನುಂಗಿಬಿಡುತ್ತಾರೆ. ಹಾಗೆಂದು ಆ ನೆರಳು ನಿಷ್ಫಲವಾಗಲಿಲ್ಲ. ಹೈದರಾಲಿ ಕರ್ನಾಟಿಕ್ ಪ್ರಾಂತ್ಯದ ಮೇಲೆರಗಿದ್ದನ್ನು ಬಣ್ಣಿಸುವ 1785ರ ಭಾಷಣವನ್ನೂ, ಬಂಗಾಳದ ಗವರ್ನರ್ ಜನರಲ್ ಆಗಿದ್ದ ವಾರನ್ ಹೇಸ್ಟಿಂಗ್ಸ್ ವಿರುದ್ಧದ ದೋಷಾರೋಪವನ್ನೂ ಬರ್ಕ್ ಮಾಡಿದ್ದು ಮಾಲ್ಟನ್ ಸದಸ್ಯನಾಗಿಯೇ. 1794ರವರೆಗೂ ಅವನ ಕ್ಷೇತ್ರ ಅದೇ.